ಪೂರ್ವರಂಗದ ಪಾಠ

(ವಾಮದಪದವಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)

ಮುಖದ ಬಣ್ಣವನ್ನು ಇನ್ನೂ ತೊಳೆಯದೆ ಮುಂದಿನ ಸಾಲಿನಲ್ಲಿ ಕುಳಿತಿರುವ ಮಕ್ಕಳೇ,

ಬೆಳಿಗ್ಗೆಯಿಂದ ಈ ಕಾಲೇಜಿನಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ನಿಮ್ಮ ಸ್ಪರ್ಧೆಗಳನ್ನು ನೋಡಿದೆ. ಜನಪದ ಗೀತೆ, ಭಾವಗೀತೆ, ರಂಗೋಲಿ, ಚಿತ್ರ, ಏಕಪಾತ್ರಾಭಿನಯ. ಪುಂಜಾಲಕಟ್ಟೆ, ಸಿದ್ದಕಟ್ಟೆ, ಮಡಂತ್ಯಾರು ಕಡೆಯಿಂದ ಬಸ್ಸು ಹಿಡಿದು ಬಂದ ಮಕ್ಕಳೂ ಇದ್ದೀರಿ. ನನ್ನನ್ನು ಕರೆದವರು ಕಲಾಸ್ಪರ್ಧೆಗಳ ಮಹತ್ವದ ಬಗ್ಗೆ ಮಾತಾಡಿ ಎಂದಿದ್ದಾರೆ. ಮಾತಾಡುತ್ತೇನೆ. ಆದರೆ ಸ್ಪರ್ಧೆ ವರ್ಷಕ್ಕೆ ಒಂದು ದಿನ ಅಥವಾ ಎರಡು ದಿನ. ಉಳಿದ ದಿನಗಳಲ್ಲಿ ನಮ್ಮ ಶಾಲೆಗಳಲ್ಲಿ ಕಲೆಯ ಹೆಸರಿನಲ್ಲಿ ಏನು ನಡೆಯುತ್ತದೆ ಎಂಬುದೇ ನನಗೆ ಹೆಚ್ಚು ಮುಖ್ಯ. ಹಲವು ವರ್ಷ ಕನ್ನಡ ಮಾಸ್ಟ್ರಾಗಿ, ಕೆಲವು ವರ್ಷ ತೀರ್ಪುಗಾರನಾಗಿ ಕಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ನನ್ನದೊಂದು ತಪ್ಪನ್ನು ಹೇಳಿಬಿಡಬೇಕು. ಒಂದು ತಾಲೂಕು ಮಟ್ಟದ ಚಿತ್ರಕಲಾ ಸ್ಪರ್ಧೆಗೆ ನಾನು ತೀರ್ಪುಗಾರ. ವಿಷಯ ‘ನಮ್ಮೂರ ಜಾತ್ರೆ’. ಒಂದೂವರೆ ಗಂಟೆ ಸಮಯ. ಮೇಜಿನ ಮೇಲೆ ಹರಡಿದ ಚಿತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದನ್ನೊಂದು ಹೋಲುತ್ತಿದ್ದವು. ಹಿಂದೆ ತ್ರಿಕೋನದ ಎರಡು ಬೆಟ್ಟ, ನಡುವೆ ಸೂರ್ಯ, ಒಂದು ತೆಂಗಿನ ಮರ, ಬಲೂನು ಮಾರುವವ, ಗೋಪುರ. ಇಲ್ಲಿನ ದೇವಸ್ಥಾನಗಳಲ್ಲಿ ಅಂಥ ಗೋಪುರ ಅಪರೂಪ. ನಮ್ಮ ಗುಡ್ಡೆಗಳೂ ಆ ಆಕಾರದಲ್ಲಿ ಇಲ್ಲ. ಅವುಗಳ ನಡುವೆ ಒಬ್ಬ ಹುಡುಗನ ಚಿತ್ರ ಬೇರೆಯೇ ಇತ್ತು. ಅವನು ಜಾತ್ರೆಯ ರಾತ್ರಿಯ ಯಕ್ಷಗಾನದ ಆಟದ ಚೌಕಿಯನ್ನು, ಅಂದರೆ ಬಣ್ಣದ ಮನೆಯನ್ನು, ಬರೆದಿದ್ದ. ಸಾಲಾಗಿ ಕುಳಿತ ವೇಷಧಾರಿಗಳು, ಮುಖದ ಮುಂದೆ ಕನ್ನಡಿ ಹಿಡಿದ ಒಬ್ಬ, ಅರ್ಧ ಬಣ್ಣ ಹಚ್ಚಿದ ಮುಖ, ಮೂಲೆಯಲ್ಲಿ ನಿದ್ದೆ ಹೋದ ಒಂದು ಮಗು. ಅಳತೆ ತಪ್ಪಿತ್ತು. ಕೆಂಪು ಬಣ್ಣ ಮುಗಿದುಹೋಗಿ ಕೆಲವು ಕಡೆ ಪೆನ್ಸಿಲಿನ ಗೆರೆ ಹಾಗೆಯೇ ಉಳಿದಿತ್ತು. ಅಚ್ಚುಕಟ್ಟುತನಕ್ಕೆ ಹತ್ತು, ಬಣ್ಣಗಾರಿಕೆಗೆ ಹತ್ತು ಎಂದು ಅಂಕ ಹಾಕುತ್ತ ಹೋದೆವು. ಆ ಹುಡುಗ ಮೊದಲ ಮೂರರಲ್ಲಿ ಬರಲಿಲ್ಲ. ಅಂಕಪಟ್ಟಿಯ ಕೆಳಗೆ ಇದ್ದ ಸಹಿಗಳಲ್ಲಿ ಒಂದು ನನ್ನದು.

ತಪ್ಪು ಅಂಕ ಹಾಕಿದ್ದು ಒಂದು. ಅದಕ್ಕಿಂತ ದೊಡ್ಡ ತಪ್ಪು, ಅವನನ್ನು ಕರೆದು ಈ ಚಿತ್ರದಲ್ಲಿ ನೀನು ಏನು ನೋಡಿದ್ದೀ ಎಂದು ಒಂದು ಮಾತು ಕೇಳದೆ ಇದ್ದದ್ದು. ಮಧ್ಯಾಹ್ನದ ಬಸ್ಸಿಗೆ ಅವನು ಹೋಗಿಬಿಟ್ಟ. ಆ ಚೌಕಿಯ ಚಿತ್ರ ಇಷ್ಟು ವರ್ಷ ನನ್ನ ಜೊತೆಗೇ ಬಂದಿದೆ. ಇವತ್ತಿನ ಮಾತು ಹೊರಡುವುದೂ ಅಲ್ಲಿಂದಲೇ.

ನಮ್ಮ ಸರಕಾರಿ ಶಾಲೆಗಳಲ್ಲಿ ಸ್ಪರ್ಧೆ ಎಂದರೆ ಪ್ರತಿಭಾ ಕಾರಂಜಿ. ಪ್ರೌಢಶಾಲೆಯವರಿಗೆ ಕಲೋತ್ಸವ. ಕ್ಲಸ್ಟರಿನಲ್ಲಿ ಶುರುವಾಗಿ ತಾಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಹತ್ತುವ ವ್ಯವಸ್ಥೆ. ಕಂಠಪಾಠ, ಅಭಿನಯ ಗೀತೆ, ಛದ್ಮವೇಷ, ಕಥೆ ಹೇಳುವುದು, ಮಣ್ಣಿನಲ್ಲಿ ಮಾದರಿ ಮಾಡುವುದು, ಆಶುಭಾಷಣ, ಕವ್ವಾಲಿ, ಗಝಲ್, ಮಿಮಿಕ್ರಿ, ಜಾನಪದ ನೃತ್ಯ. ಈ ಪಟ್ಟಿಯನ್ನು ಮಾಡಿದವರಿಗೆ ನಾನು ಕೈಮುಗಿಯುತ್ತೇನೆ. ಸಂಸ್ಕೃತ ಶ್ಲೋಕ ಹೇಳುವ ಮಗು ಮತ್ತು ಅರೇಬಿಕ್ ಪಠಣ ಮಾಡುವ ಮಗು ಒಂದೇ ಬೆಂಚಿನಲ್ಲಿ ಕುಳಿತು ತಮ್ಮ ಸರದಿಗೆ ಕಾಯುವುದನ್ನು ನಾನು ಕಂಡದ್ದು ಈ ಕಾರಂಜಿಯ ದಿನವೇ. ಅದುವರೆಗೆ ಒಮ್ಮೆಯೂ ಮೈಕಿನ ಮುಂದೆ ನಿಲ್ಲದ ಮಗು ಅಲ್ಲಿ ನಿಲ್ಲುತ್ತದೆ. ಸರಕಾರಿ ಶಾಲೆಯ ಮಗುವಿಗೆ ತನ್ನ ಊರಿನ ಆಚೆ ಒಂದು ವೇದಿಕೆ ಇದೆ ಎಂದು ತೋರಿಸಿಕೊಟ್ಟ ಯೋಜನೆ ಅದು. ಸ್ಪರ್ಧೆಯೇ ಬೇಡ ಎನ್ನುವವರ ಮಾತಿಗೆ ಆದ್ದರಿಂದಲೇ ನಾನು ಒಪ್ಪುವುದಿಲ್ಲ.

ತೊಂದರೆ ಇರುವುದು ಸ್ಪರ್ಧೆಗೆ ಮುಂಚಿನ ದಿನಗಳಲ್ಲಿ. ಸುತ್ತೋಲೆ ಬರುತ್ತದೆ. ಹತ್ತು ದಿನ ಸಮಯ. ಗಣಿತದ ಟೀಚರ್ ಮೊಬೈಲಿನಲ್ಲಿ ಒಂದು ನೃತ್ಯ ಹುಡುಕುತ್ತಾರೆ, ಮಕ್ಕಳು ಅದನ್ನು ನೋಡಿ ಹೆಜ್ಜೆ ಹಾಕುತ್ತಾರೆ. ಅನುಕೂಲ ಇರುವ ಶಾಲೆ ಪೇಟೆಯಿಂದ ನೃತ್ಯದವರನ್ನು ಕರೆಸುತ್ತದೆ, ವೇಷಭೂಷಣ ಬಾಡಿಗೆಗೆ ತರುತ್ತದೆ. ಅನುಕೂಲ ಇಲ್ಲದ ಶಾಲೆಯ ತಾಯಂದಿರು ತಮ್ಮ ಸೀರೆಗಳನ್ನೇ ಕಚ್ಚೆ ಕಟ್ಟಿ ಕಳಿಸುತ್ತಾರೆ. ಸ್ಪರ್ಧೆ ಮುಗಿದ ಮರುದಿನ ಹಾಡಿಲ್ಲ, ಹೆಜ್ಜೆ ಇಲ್ಲ, ಮಣ್ಣಿನ ಉಂಡೆಯೂ ಇಲ್ಲ. ಮುಂದಿನ ಸುತ್ತೋಲೆ ಬರುವ ತನಕ ಎಲ್ಲ ಸ್ತಬ್ಧ. ಬಿತ್ತನೆ ಇಲ್ಲದ ಗದ್ದೆಗೆ ಕೊಯ್ಲಿನ ದಿನ ಮಾತ್ರ ಕತ್ತಿ ಹಿಡಿದು ಹೋದ ಹಾಗೆ. ಈ ಹೋಲಿಕೆ ಶಿಕ್ಷಕರ ಮೇಲಿನ ದೂರಲ್ಲ. ಒಬ್ಬರೇ ಮೂರು ತರಗತಿ, ಬಿಸಿಯೂಟದ ಲೆಕ್ಕ, ಹತ್ತಾರು ಆನ್‌ಲೈನ್ ದಾಖಲೆ ನೋಡಿಕೊಳ್ಳುವ ಶಾಲೆಯಲ್ಲಿ ಇದಕ್ಕಿಂತ ಹೆಚ್ಚು ಮಾಡಿ ಎಂದು ಕೇಳುವ ಬಾಯಿ ನನಗಿಲ್ಲ.

ಪಠ್ಯಕ್ರಮ, ಕಾನೂನು ಏನು ಹೇಳುತ್ತವೆ ನೋಡೋಣ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯ ತನಕ ಕಲೆ ಕಡ್ಡಾಯ ವಿಷಯ ಆಗಬೇಕು ಎಂದಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಆರರಿಂದ ಎಂಟನೆಯ ತರಗತಿಗಳಿಗೆ ಕಲಾ ಶಿಕ್ಷಣದ ಅರೆಕಾಲಿಕ ಬೋಧಕರು ಇರಬೇಕು ಎಂದಿದೆ. ಆದರೆ ಅದಕ್ಕೊಂದು ಷರತ್ತು: ಆ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರಬೇಕು. ನಮ್ಮ ಸುತ್ತಲಿನ ಹಳ್ಳಿಯ ಶಾಲೆಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಆ ಮೂರು ತರಗತಿ ಸೇರಿ ನೂರು ಮಕ್ಕಳಿರುವ ಶಾಲೆ ಎಷ್ಟಿವೆ? ಮೂವತ್ತು, ನಲವತ್ತು ಮಕ್ಕಳಿರುವ ಶಾಲೆ ಆ ಸಾಲಿನ ಹೊರಗೆ ನಿಲ್ಲುತ್ತದೆ. ಸ್ಪರ್ಧೆಗೆ ಮಾತ್ರ ಅಂಥ ಷರತ್ತಿಲ್ಲ. ಎಂಟು ಮಕ್ಕಳಿರುವ ಶಾಲೆಗೂ ಸುತ್ತೋಲೆ ಬರುತ್ತದೆ. ಕಲಿಸುವವರನ್ನು ಕೊಡದೆ ಪರೀಕ್ಷೆ ಮಾತ್ರ ಇಡುವುದು ಗಣಿತದಲ್ಲಿ ಆಗಿದ್ದರೆ ಪೋಷಕರು ಶಾಲೆಯ ಗೇಟಿನ ಮುಂದೆ ಸೇರುತ್ತಿದ್ದರು.

ಈಗ ಇದೇ ಬಂಟ್ವಾಳ ತಾಲೂಕಿನ ಒಬ್ಬ ಹುಡುಗನ ಕಥೆ. ಮಂಚಿ ಗ್ರಾಮದ ಬಾಬುಕೋಡಿ. ಹುಟ್ಟಿದ್ದು 1929ರಲ್ಲಿ. ಮೂರನೆಯ ತರಗತಿಯಲ್ಲಿದ್ದಾಗ ಅವನಿಗೆ ಒಂದು ನಾಟಕದಲ್ಲಿ ಪಾತ್ರ ಸಿಕ್ಕಿತು. ನಾಟಕ ಕುವೆಂಪು ಅವರ ‘ನನ್ನ ಗೋಪಾಲ’, ಆಡಿಸಿದವರು ಪಿ.ಕೆ. ನಾರಾಯಣ. ಆ ಹುಡುಗ ಮುಂದೆ ಮನೆ ಬಿಟ್ಟು ಹೋಗಿ ಗುಬ್ಬಿ ವೀರಣ್ಣನವರ ಕಂಪೆನಿ ಸೇರಿದ. ವೀರಣ್ಣನವರು ಅವನನ್ನು ಕಾಶಿಗೆ ಕಳಿಸಿ ಎಂ.ಎ. ಓದಿಸಿದರು. ಅಲ್ಲಿ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತದ ಕಲಿಕೆಯೂ ನಡೆಯಿತು. 1962ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ ಪದವಿ. 1977ರಲ್ಲಿ ಅದೇ ಶಾಲೆಗೆ ನಿರ್ದೇಶಕ. ಆಮೇಲೆ ಭೋಪಾಲದ ಭಾರತ ಭವನದ ರಂಗಮಂಡಲ, 1989ರಲ್ಲಿ ಮೈಸೂರಿನ ರಂಗಾಯಣ. ಬಿ.ವಿ. ಕಾರಂತರು ನಮ್ಮವರು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅವರ ಬದುಕಿನ ಕಥೆ ಹೇಳುವ ಹಲವರು ಆ ಶಾಲಾ ನಾಟಕದಿಂದಲೇ ಆರಂಭಿಸುತ್ತಾರೆ. ಆ ಕಥೆಯಲ್ಲಿ ಬಹುಮಾನದ ಮಾತಿಲ್ಲ. ಒಂದು ಪಾತ್ರ ಇದೆ, ಅದನ್ನು ಕೊಟ್ಟವರ ಹೆಸರಿದೆ.

ಕಾರಂತರ ಬಗ್ಗೆ ಮಾತಾಡುವಾಗ ಹೆಚ್ಚಿನವರು ದೊಡ್ಡ ನಾಟಕಗಳ ಮತ್ತು ‘ಚೋಮನ ದುಡಿ’ ಸಿನೆಮಾದ ಹೆಸರು ಹೇಳಿ ಮುಂದೆ ಹೋಗುತ್ತಾರೆ. ನನ್ನ ಮಟ್ಟಿಗೆ ಅವರ ಬದುಕಿನ ಇನ್ನೊಂದು ಪುಟ ಅಷ್ಟೇ ದೊಡ್ಡದು. ನಾಟಕ ಶಾಲೆಯಲ್ಲಿ ಕಲಿತು ಹೊರಬಂದ ಮೇಲೆ ಅವರು ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸುವ ಮಾಸ್ಟ್ರಾಗಿದ್ದರು. ಮಕ್ಕಳಿಗಾಗಿ ‘ಪಂಜರಶಾಲೆ’ಯಂಥ ನಾಟಕಗಳನ್ನು ಕಟ್ಟಿದರು. ಅವರ ಪತ್ನಿ ಪ್ರೇಮಾ ಕಾರಂತರು 1979ರಲ್ಲಿ ಬೆಂಗಳೂರಿನಲ್ಲಿ ಬೆನಕ ಮಕ್ಕಳ ನಾಟಕ ಕೇಂದ್ರ ಆರಂಭಿಸಿದರು. ಮೂರನೆಯ ತರಗತಿಯಲ್ಲಿ ಪಡೆದದ್ದನ್ನು ಆ ಮನೆ ನೂರು ಪಾಲಾಗಿ ಮಕ್ಕಳಿಗೇ ತಿರುಗಿ ಕೊಟ್ಟಿತು.

ಬಂಟ್ವಾಳದವರೇ ಆದ ಇನ್ನೊಬ್ಬರನ್ನು ಇಲ್ಲಿ ನೆನೆಯದೆ ಹೋಗಲಾರೆ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಶಾಲೆಗಳ ಇನ್ಸ್‌ಪೆಕ್ಟರ್ ಆಗಿದ್ದವರು, ಮಡಿಕೇರಿಯಲ್ಲಿ ಹೆಡ್‌ಮಾಸ್ಟರ್ ಆಗಿದ್ದವರು. ಆ ಕಾಲದಲ್ಲಿ ಇನ್ಸ್‌ಪೆಕ್ಟರ್ ಬರುತ್ತಾರೆಂದರೆ ಶಾಲೆಗೆ ಶಾಲೆಯೇ ಗಡಗಡ ನಡುಗುತ್ತಿತ್ತು. ಅಂಥ ಹುದ್ದೆಯಲ್ಲಿ ಇದ್ದುಕೊಂಡು ಮಕ್ಕಳು ಹಾಡಿ ಕುಣಿಯಲೆಂದೇ ಪದ್ಯ ಬರೆದರು. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ಮಗುವಿನ ನಾಲಿಗೆಗೂ ಕಾಲಿಗೂ ಒಗ್ಗುವ ಲಯ ಯಾವುದು ಎಂದು ಅವರಿಗೆ ಗೊತ್ತಿತ್ತು. ಇಂದಿಗೂ ಅಭಿನಯ ಗೀತೆಯ ಸ್ಪರ್ಧೆಯಲ್ಲಿ ಅವರ ಹಾವಿನ ಪದ್ಯ ಕೇಳಿದಾಗ ಸಭೆಯ ಅಜ್ಜಂದಿರ ತುಟಿಯೂ ಆಡುತ್ತದೆ. ಶಿಕ್ಷಣ ಇಲಾಖೆಯ ಒಳಗಿನಿಂದಲೇ ಇಷ್ಟು ಕೆಲಸ ಸಾಧ್ಯ ಎಂದು ತೋರಿಸಿದ್ದು ನಮ್ಮ ತಾಲೂಕು.

ಈಗ ಜಾತ್ರೆಯ ಚಿತ್ರ ಬರೆದ ಆ ಹುಡುಗನ ಚೌಕಿಗೆ ಮರಳುತ್ತೇನೆ. ನಮ್ಮ ಹಿರಿಯರು ಕಲೆಯನ್ನು ಹೇಗೆ ಕಲಿಸುತ್ತಿದ್ದರು ಎಂಬುದಕ್ಕೆ ಯಕ್ಷಗಾನದ ಪೂರ್ವರಂಗಕ್ಕಿಂತ, ಅಂದರೆ ಪ್ರಸಂಗ ಶುರುವಾಗುವ ಮೊದಲಿನ ಕುಣಿತಗಳಿಗಿಂತ, ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಹಿಂದೆ ಮೇಳ ಸೇರಿದ ಹುಡುಗ ಮೊದಲ ರಾತ್ರಿಯೇ ಅಭಿಮನ್ಯು ಆಗುತ್ತಿರಲಿಲ್ಲ. ಕೋಡಂಗಿಯಾಗಿ ಹೆಜ್ಜೆ ಹಾಕುತ್ತಿದ್ದ. ಬಾಲಗೋಪಾಲ ವೇಷ ಕಟ್ಟುತ್ತಿದ್ದ. ಮುಂದೆ ನಿತ್ಯವೇಷ, ಸಣ್ಣಪುಟ್ಟ ಪಾತ್ರ, ಕಾಲು ಗಟ್ಟಿಯಾದ ಮೇಲೆ ಪುಂಡುವೇಷ. ಪೂರ್ವರಂಗದ ಹೊತ್ತಿಗೆ ಪ್ರೇಕ್ಷಕರು ಇನ್ನೂ ಊಟ ಮುಗಿಸಿ ಸೂಟೆ ಬೀಸುತ್ತ ಗದ್ದೆಯ ಹುಣಿಯಲ್ಲಿ ಬರುತ್ತಿರುತ್ತಾರೆ. ರಂಗಸ್ಥಳದ ಮುಂದೆ ಚಾಪೆ ಹಾಸಿ ಜಾಗ ಹಿಡಿದ ಮಕ್ಕಳು ಮಾತ್ರ. ಮೇಳದ ಹುಡುಗ ಹೆಜ್ಜೆ ತಪ್ಪಿದರೆ ನಗುವವರಿಲ್ಲ. ಆದರೆ ನೋಡುವವರಿದ್ದಾರೆ. ಹಿಂದೆ ಭಾಗವತರು ಇದ್ದಾರೆ, ಚೆಂಡೆಯವರು ಇದ್ದಾರೆ, ಚೌಕಿಯಿಂದ ಇಣುಕುವ ಹಿರಿಯ ವೇಷಧಾರಿ ಇದ್ದಾರೆ. ತಪ್ಪಿದ್ದನ್ನು ಬೆಳಗಿನ ಜಾವ ಬಣ್ಣ ತೆಗೆಯುವಾಗ ಹೇಳುತ್ತಾರೆ. ನಾಳೆ ರಾತ್ರಿ ಇನ್ನೊಂದು ಊರು, ಇನ್ನೊಂದು ಅವಕಾಶ. ದೀಪಾವಳಿಯ ಬಳಿಕ ಹೊರಟ ಮೇಳ ಮಳೆಗಾಲಕ್ಕೆ ಮುಂಚಿನ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ತನಕ, ಆರು ತಿಂಗಳ ತಿರುಗಾಟದಲ್ಲಿ, ಅವನಿಗೆ ರಾತ್ರಿಗೊಮ್ಮೆ ರಂಗ ಸಿಗುತ್ತಿತ್ತು.

ಇದರಲ್ಲಿ ಇರುವ ವಿವೇಕವನ್ನು ಗಮನಿಸಿ. ಕಲಿಯುವವನಿಗೆ ನಿಜವಾದ ರಂಗ, ನಿಜವಾದ ಹಿಮ್ಮೇಳ, ನಿಜವಾದ ಬೆಳಕು. ಆದರೆ ತೀರ್ಪು ಇಲ್ಲ. ತಿದ್ದುವ ಕಣ್ಣು ಮಾತ್ರ. ಇಂದು ಕಾಲಮಿತಿಯ ಪ್ರದರ್ಶನಗಳು ಬಂದು ಪೂರ್ವರಂಗ ಮೊಟಕಾಗಿದೆ. ಅದನ್ನು ಸಮಯದ ಉಳಿತಾಯ ಎಂದುಕೊಂಡೆವು. ಅಲ್ಲಿ ಮುಚ್ಚಿದ್ದು ಒಂದು ಶಾಲೆ. ಪ್ರತಿಭಾ ಕಾರಂಜಿಯಲ್ಲಿ ನಾವು ಮಾಡುತ್ತಿರುವುದೂ ಅದೇ: ಪೂರ್ವರಂಗವನ್ನು ಬಿಟ್ಟು ಮಗುವನ್ನು ನೇರವಾಗಿ ಪ್ರಸಂಗದ ನಡುವೆ ನಿಲ್ಲಿಸುವುದು, ನಿಲ್ಲಿಸಿದ ಆರೇ ನಿಮಿಷದಲ್ಲಿ ಇವನಿಗೆ ಇಷ್ಟು ಅಂಕ ಎಂದು ಬರೆದುಬಿಡುವುದು.

ಭರವಸೆ ಕೊಡುವ ಕೆಲಸಗಳು ನಡೆಯುತ್ತಿಲ್ಲ ಎಂದಲ್ಲ. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಿಗೆ ಗುರುಗಳನ್ನು ಕಳಿಸಿ ಯಕ್ಷಗಾನ ಕಲಿಸುತ್ತದೆ. ಕಲಿತ ಮಕ್ಕಳು ವರ್ಷಕ್ಕೊಮ್ಮೆ ಪೂರ್ಣ ವೇಷಭೂಷಣದಲ್ಲಿ ಪ್ರಸಂಗ ಆಡುತ್ತಾರೆ. ನಮ್ಮ ಜಿಲ್ಲೆಯಲ್ಲಿ ಯಕ್ಷಧ್ರುವ ಪಟ್ಲ ಫೌಂಡೇಶನ್ ಶಾಲೆಗಳಲ್ಲಿ ಉಚಿತ ಯಕ್ಷಶಿಕ್ಷಣ ನಡೆಸುತ್ತಿದೆ. ಒಂದು ಕಾಲಕ್ಕೆ ಗಂಡಸರದೇ ಆಗಿದ್ದ ಕಲೆಗೆ ಇಲ್ಲಿ ಹೆಣ್ಣುಮಕ್ಕಳು ಸಾಲುಸಾಲಾಗಿ ಗೆಜ್ಜೆ ಕಟ್ಟುತ್ತಿದ್ದಾರೆ. ವಾರಕ್ಕೆ ಒಂದೆರಡು ತರಗತಿ, ಒಬ್ಬ ಗುರು, ವರ್ಷದ ಕೊನೆಗೊಂದು ಆಟ. ದೊಡ್ಡ ಖರ್ಚಿನ ಕೆಲಸ ಅಲ್ಲ, ನಿರಂತರ ಇರಬೇಕಾದ ಕೆಲಸ.

ಗಡಿಯಾಚೆ ಕಾಸರಗೋಡಿನ ನಮ್ಮ ಮಕ್ಕಳು ಇನ್ನೊಂದು ದೊಡ್ಡ ಸ್ಪರ್ಧೆಯಲ್ಲಿ ಪಾಲ್ಗೊಳ್ಳುತ್ತಾರೆ. 1957ರಲ್ಲಿ ಎರ್ನಾಕುಳಂನಲ್ಲಿ ಆರಂಭವಾದ ಕೇರಳ ಶಾಲಾ ಕಲೋತ್ಸವ 2019ರಲ್ಲಿ ಅರವತ್ತನೆಯ ಬಾರಿಗೆ ಕಾಞಂಗಾಡಿನಲ್ಲಿ ನಡೆಯಿತು. ಅಲ್ಲಿ ಯಕ್ಷಗಾನ ಒಂದು ಸ್ಪರ್ಧೆ, ಕನ್ನಡ ಪದ್ಯ ಹೇಳುವುದೂ ಒಂದು ಸ್ಪರ್ಧೆ. ಕೇರಳದ ವೇದಿಕೆಯಲ್ಲಿ ಕಾಸರಗೋಡಿನ ಮಗುವೊಂದು ಕನ್ನಡ ಪದ್ಯ ಹೇಳುವುದಕ್ಕೆ ಬಹುಮಾನದ ಆಚೆಗೂ ಬೆಲೆ ಇದೆ. ಭಾಷೆಯೊಂದು ಶಾಲೆಯ ಅಂಗಳದಲ್ಲಿ ಉಸಿರಾಡುವುದು ಹೀಗೆಯೇ. ಆ ಕಲೋತ್ಸವದಿಂದ ನಾವು ಕಲಿಯಬೇಕಾದ ಎಚ್ಚರವೂ ಒಂದಿದೆ. 1986ರಿಂದ ಅಲ್ಲಿ ಅತಿ ಹೆಚ್ಚು ಅಂಕ ಪಡೆದ ಹುಡುಗನಿಗೆ ಕಲಾಪ್ರತಿಭಾ, ಹುಡುಗಿಗೆ ಕಲಾತಿಲಕಂ ಎಂಬ ಬಿರುದು ಕೊಡುತ್ತಿದ್ದರು. ಪೈಪೋಟಿ ಬೆಳೆದು, ಮೇಲ್ಮನವಿ, ಕೋರ್ಟು ಎಂದು ಹೋಗಿ, ಸುಮಾರು ಎರಡು ದಶಕಗಳ ಬಳಿಕ ಆ ಬಿರುದುಗಳನ್ನು ಕೈಬಿಟ್ಟು ಗ್ರೇಡು ಕೊಡುವ ಕ್ರಮಕ್ಕೆ ಬಂದರು. ಒಬ್ಬರನ್ನು ಮೇಲೆತ್ತಲು ನೂರು ಮಂದಿಯನ್ನು ಸೋತವರೆಂದು ಮನೆಗೆ ಕಳಿಸುವುದು ಸರಿಯಲ್ಲ ಎಂದು ಅಷ್ಟು ದೊಡ್ಡ ಉತ್ಸವವೇ ತಿದ್ದಿಕೊಂಡಿತು. ನಮ್ಮ ಕ್ಲಸ್ಟರ್ ಮಟ್ಟದಲ್ಲಾದರೂ ನಾವು ತಿದ್ದಿಕೊಳ್ಳಬಹುದು.

ಪೋಷಕರು ನನ್ನನ್ನು ಕೇಳುವ ಪ್ರಶ್ನೆ ಒಂದೇ. “ಮಾಸ್ಟ್ರೇ, ಇದರಿಂದ ಮಾರ್ಕು ಹೆಚ್ಚು ಬರುತ್ತದೆಯಾ?” ಕಲೆ ಕಲಿತರೆ ಗಣಿತದಲ್ಲಿ ಮುಂದೆ ಬರುತ್ತಾರೆ ಎಂದು ಉತ್ತರಿಸುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಅಮೆರಿಕದ ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್ಲೆಂಡ್ ಎಂಬ ಇಬ್ಬರು ಸಂಶೋಧಕಿಯರು ಅಲ್ಲಿಯ ತನಕ ನಡೆದಿದ್ದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2000ದಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಕಲಾಭ್ಯಾಸದಿಂದಲೇ ಉಳಿದ ವಿಷಯಗಳ ಅಂಕ ಏರುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದರು. ಗಟ್ಟಿಯಾಗಿ ಕಂಡ ಕೆಲವೇ ಸಂಬಂಧಗಳಲ್ಲಿ ಒಂದು, ತರಗತಿಯಲ್ಲಿ ನಾಟಕ ಆಡುವುದಕ್ಕೂ ಮಕ್ಕಳ ಭಾಷಾ ಸಾಮರ್ಥ್ಯಕ್ಕೂ ಇರುವ ನಂಟು. ಅದನ್ನು ಓದಿದಾಗ ನನಗೆ ತಾಳಮದ್ದಲೆ ನೆನಪಾಯಿತು. ಬರೆದ ಸಂಭಾಷಣೆ ಇಲ್ಲದೆ, ಭಾಗವತರ ಪದ್ಯ ಮುಗಿದ ಕೂಡಲೇ ಎದುರಿನ ಪಾತ್ರಕ್ಕೆ ಉತ್ತರ ಕೊಡಬೇಕಾದ ಆ ಕೂಟದಲ್ಲಿ ಬೆಳೆದವರ ಕನ್ನಡವನ್ನು ಕೇಳಿದವರಿಗೆ ಸಂಶೋಧನೆಯ ಸಾಕ್ಷಿ ಬೇಕಾಗುವುದಿಲ್ಲ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಮಾತಾಡುವ ಮಗುವಿಗೆ ಶಾಲೆಯ ಕನ್ನಡ ಸಲೀಸಾಗಿ ನಾಲಿಗೆಗೆ ಬರಬೇಕಾದರೆ ಬಾಯಿತುಂಬ ಮಾತಾಡಲು ಒಂದು ಪಾತ್ರ ಸಿಗಬೇಕು.

ಆದರೂ ಅಂಕದ ತಕ್ಕಡಿಯಲ್ಲಿ ಕಲೆಯನ್ನು ತೂಗುವುದು ನನಗೆ ಒಪ್ಪಿತವಲ್ಲ. ಗಣಿತವನ್ನು ಸಂಗೀತಕ್ಕೆ ಉಪಯೋಗ ಆಗುತ್ತದೆಂದು ನಾವು ಕಲಿಸುವುದಿಲ್ಲವಲ್ಲ. ಚೌಕಿಯನ್ನು ಬರೆದ ಹುಡುಗ ಜಾತ್ರೆಯಲ್ಲಿ ಎಲ್ಲರೂ ನೋಡದ ಕಡೆ ನೋಡಿದ್ದ. ನಿದ್ದೆ ಹೋದ ಮಗುವನ್ನು ಗಮನಿಸಿದ್ದ. ಹಾಗೆ ನೋಡುವ ಕಣ್ಣು ಬೆಳೆಯುವುದೇ ಕಲಾಶಿಕ್ಷಣದ ಫಲ. ಅವನು ಮುಂದೆ ಚಿತ್ರಕಾರನಾಗಬೇಕಿಲ್ಲ. ಮೆಕ್ಯಾನಿಕ್ ಆದರೂ, ಪಂಚಾಯತ್ ಸದಸ್ಯನಾದರೂ, ಆಸ್ಪತ್ರೆಯ ನರ್ಸ್ ಆದರೂ ಆ ಕಣ್ಣು ಅವನ ಜೊತೆಗಿರುತ್ತದೆ.

ಕಣ್ಣು ಬೆಳೆಸಲು ಬೇಕಾದದ್ದು ನಮ್ಮ ಸುತ್ತಲೇ ಎಷ್ಟಿದೆ! ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿ ಇದೆ. ಒಂದು ಕಂಬದಂತೆ ಇನ್ನೊಂದು ಇಲ್ಲ ಎನ್ನುತ್ತಾರೆ. ಮಕ್ಕಳ ಕೈಗೆ ಪೆನ್ಸಿಲು ಕೊಟ್ಟು, ಒಬ್ಬೊಬ್ಬರಿಗೆ ಒಂದೊಂದು ಕಂಬ ಹಂಚಿ, ಅದು ನಿಜವೇ ಎಂದು ಬರೆದು ನೋಡಿ ಎನ್ನಿ. ಅರ್ಧ ದಿನದ ಆ ಪಾಠ ಹತ್ತು ಪಿರಿಯಡಿಗೆ ಸಮ. ಅದೇ ಊರಿನ ಜೈನ ಪರಂಪರೆ ಕಾಪಾಡಿಕೊಂಡು ಬಂದ ಧವಲಾ ತಾಳೆಗರಿ ಗ್ರಂಥಗಳಲ್ಲಿ ಹೊಯ್ಸಳರ ಕಾಲದ ವರ್ಣಚಿತ್ರಗಳಿವೆ. ಅಂಗೈ ಅಗಲದ ಗರಿಯ ಮೇಲೆ ಬರೆದವರು ದೊಡ್ಡ ಡ್ರಾಯಿಂಗ್ ಶೀಟಿಗಾಗಿ ಕಾಯಲಿಲ್ಲ. ವೇಣೂರಿನಲ್ಲಿ 1604ರ ಗೊಮ್ಮಟ ನಿಂತಿದ್ದಾನೆ. ಇವೆಲ್ಲ ಇಲ್ಲಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದ ಜಾಗಗಳು. ಇಷ್ಟನ್ನು ಪಕ್ಕದಲ್ಲಿಟ್ಟುಕೊಂಡು ನಮ್ಮ ಮಕ್ಕಳು ತ್ರಿಕೋನದ ಬೆಟ್ಟ ಬರೆಯುತ್ತಿದ್ದಾರೆ ಎಂಬುದೇ ನನ್ನ ಸಂಕಟ.

ವಾಮದಪದವಿನ ‘ಪದವು’ ಎಂದರೆ ಎತ್ತರದ ಬಯಲು ಎಂದು ಈ ಊರಿನವರಿಗೆ ನಾನು ಹೇಳಬೇಕಿಲ್ಲ. ದೂರಕ್ಕೆ ಕಾಣುವ, ದೂರದಿಂದ ಕಾಣುವ ಜಾಗ. ಅಂಥ ಜಾಗದಲ್ಲಿ ನಿಂತು ಕೆಲವು ಬೇಡಿಕೆ ಇಡುತ್ತೇನೆ. ಹತ್ತಿರಹತ್ತಿರದ ನಾಲ್ಕೈದು ಸಣ್ಣ ಶಾಲೆಗಳ ಮಕ್ಕಳನ್ನು ಒಟ್ಟು ಲೆಕ್ಕ ಹಿಡಿದು ಒಬ್ಬ ಸಂಚಾರಿ ಕಲಾಶಿಕ್ಷಕರನ್ನು ಕೊಡಿ ಎಂದು ನಾವೆಲ್ಲ ಸೇರಿ ಇಲಾಖೆಗೆ ಬರೆಯೋಣ. ನೂರು ಮಕ್ಕಳ ಷರತ್ತಿಗೆ ಅದು ಉತ್ತರವಾಗಬಹುದು. ತೀರ್ಪುಗಾರರಾಗಿ ಹೋಗುವ ಗೆಳೆಯರು ಫಲಿತಾಂಶ ಓದಿದ ಕೂಡಲೇ ಕಾರು ಹತ್ತಬೇಡಿ. ಬಹುಮಾನ ಬಾರದ ಮಕ್ಕಳನ್ನು ಕೂರಿಸಿಕೊಂಡು ಒಬ್ಬೊಬ್ಬರಿಗೆ ಎರಡು ನಿಮಿಷ ಕೊಡಿ. ನಾನು ಕೊಡದೆ ಹೋದ ಎರಡು ನಿಮಿಷ ಅದು. ಈ ಕಾಲೇಜಿನ ಮಕ್ಕಳೇ, ನಿಮ್ಮಲ್ಲಿ ಹಾಡು ಬಲ್ಲವರಿದ್ದೀರಿ, ಹೆಜ್ಜೆ ಬಲ್ಲವರಿದ್ದೀರಿ, ಇವತ್ತು ಬೆಳಿಗ್ಗೆ ನೋಡಿದ್ದೇನೆ. ತಿಂಗಳಿಗೆ ಒಂದು ಶನಿವಾರ ನಿಮ್ಮೂರಿನ ಪ್ರಾಥಮಿಕ ಶಾಲೆಗೆ ಹೋಗಿ ಒಂದು ಗಂಟೆ ಕಲಿಸಿ ಬನ್ನಿ.

ಇನ್ನು ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ. ನಿಮ್ಮ ವೇಳಾಪಟ್ಟಿಯಲ್ಲಿ ಚಿತ್ರಕಲೆ ಅಥವಾ ಸಂಗೀತ ಎಂದು ಬರೆದ ಒಂದು ಪಿರಿಯಡ್ ಖಂಡಿತ ಇದೆ. ಪರೀಕ್ಷೆ ಹತ್ತಿರ ಬಂತೆಂದು ಅದನ್ನು ಬೇರೆ ವಿಷಯಕ್ಕೆ ಬಿಟ್ಟುಕೊಡುತ್ತೀರಿ, ನಾನೂ ಕನ್ನಡಕ್ಕೆಂದು ಅದನ್ನು ಪಡೆದುಕೊಂಡವನೇ. ಬರುವ ವಾರದಿಂದ ದಯವಿಟ್ಟು ಆ ಒಂದು ಪಿರಿಯಡನ್ನು ಮಕ್ಕಳಿಗೇ ಬಿಟ್ಟುಕೊಡಿ.